ನೀರು ಹಾಕಿದವಳು

ಧಾರವಾಡದ ಪ್ರಭಾವತಿ ಮೇಡಂ ಗಬ್ಬೂರಿನ ಮನೆಗೆ ಬಂದಾಗ ರೆಹಮತ್‌ಬಿ ಕುರಿಯ ಬೋಟಿ ತೊಳೆಯುತ್ತಿದ್ದಳು. ಹನ್ನೊಂದು ಹೊಟ್ಟೆ. ಮಧ್ಯಾಹ್ನದೊಳಗೆ ಬೈಪಾಸಿನ ಖಾನಾವಳಿಗೆ ಮುಟ್ಟಬೇಕು. ಹೊಟ್ಟೆಯನ್ನು ಸೀಳಬೇಕು. ಒಳಗಿನ ಅರೆಬರೆ ಕರಗಿದ ಹುಲ್ಲನ್ನು ಕೈಯಿಂದ ಬಳಿದು ತೆಗೆಯಬೇಕು. ಸುಣ್ಣ ಕದಡಿದ ಬಿಸಿನೀರಿನಲ್ಲಿ ಅದ್ದಿ, ಚಾಕುವಿನ ಮೊಂಡ ಬದಿಯಿಂದ ಕರಿಯ ಪೊರೆಯನ್ನು ಹೆರೆಯಬೇಕು. ಐದು ವರ್ಷದಿಂದ ಅವಳಿಗೆ ಇದೇ ಕೆಲಸ. ಸುಣ್ಣ ಬೆರಳ ಸಂದಿಗಳನ್ನು ತಿಂದುಹಾಕಿತ್ತು. ತಿನ್ನುವ ರೊಟ್ಟಿಗೂ ಅದೇ ವಾಸನೆ.

ಮೇಡಂ ಬಾಗಿಲಲ್ಲೇ ನಿಂತು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಒಂದು ಗಳಿಗೆ ಅಷ್ಟೇ. ಆಮೇಲೆ ತಾನು ಯಾರೆಂಬುದು ನೆನಪಾಗಿ ಸೆರಗು ಇಳಿಸಿದಳು. ಹೇಸಿಗೆ ಎನ್ನುವುದು ಹುಟ್ಟಿನಿಂದ ಬಂದದ್ದಲ್ಲ, ಸಮಾಜ ಕಲಿಸಿದ್ದು ಎಂದು ಬರೆದು ಹೆಸರು ಮಾಡಿದವಳು ಆಕೆ. ಅದೇ ಮಾತನ್ನು ಏಳು ದೇಶಗಳಲ್ಲಿ ಭಾಷಣ ಮಾಡಿ ಬಂದಿದ್ದಳು. ಮೂಗು ಮಾತ್ರ ಇನ್ನೂ ಆ ಪುಸ್ತಕ ಓದಿರಲಿಲ್ಲ.

ರೆಹಮತ್‌ಬಿ ಏಳಲಿಲ್ಲ. ಕೂಡ್ರಿ ಎಂದೂ ಅನ್ನಲಿಲ್ಲ. ಮಗ ಮುಜಾಫರ ಒಳಗಿನಿಂದ ಓಡಿ ಬಂದು ಪ್ಲಾಸ್ಟಿಕ್ ಕುರ್ಚಿ ಒರೆಸಿ ಇಟ್ಟ. ಅವನು ಬೈಪಾಸಿನ ಪಕ್ಕದ ಗ್ಯಾರೇಜಿನಲ್ಲಿ ಲಾರಿ ರಿಪೇರಿ ಮಾಡುವವನು. ಮೇಡಂ ಹಿಂದಿನ ದಿನವೇ ಅವನಿಗೆ ಫೋನ್ ಮಾಡಿದ್ದಳು. ತಾಯಿಗೆ ಹೇಳಿದರೆ ಬಾಗಿಲು ಹಾಕಿಕೊಂಡಾಳೆಂದು ಅವನು ಸುಮ್ಮನಿದ್ದ.

ಈ ಮೇಡಂಗೂ ಈ ಮುದುಕಿಗೂ ಎಲ್ಲಿಂದೆಲ್ಲಿಯ ನಂಟು ಎನ್ನುವುದನ್ನು ಮೊದಲು ಹೇಳಿಬಿಡಬೇಕು.

ರೆಹಮತ್‌ಬಿ ಮೊದಲು ಇದ್ದದ್ದು ಹುಬ್ಬಳ್ಳಿಯ ಕಮರಿಪೇಟೆಯ ಒಂದು ಓಣಿಯಲ್ಲಿ. ಗಾದಿ ಹೊಲಿಯುವ ಪಿಂಜಾರರ ಮನೆ. ಅವಳ ಕಸುಬು ಮಯ್ಯತ್ ತೊಳೆಯುವುದು. ಹೆಂಗಸು ಸತ್ತರೆ ಹೂಳುವ ಮೊದಲು ಅವಳಿಗೆ ಗುಸಲ್ ಕೊಡಬೇಕು, ಅಂದರೆ ಕೊನೆಯ ಸ್ನಾನ. ಮನೆಯವರೇ ಕೊಟ್ಟರೆ ಒಳ್ಳೆಯದು ಎಂದು ಹಿರಿಯರು ಹೇಳುತ್ತಾರೆ. ಆದರೆ ನಿನ್ನೆಯ ತನಕ ಅಮ್ಮಾ ಎಂದು ಕರೆದವರಿಗೆ ಇವತ್ತು ಆ ಮೈ ಮುಟ್ಟಲು ಹೆದರಿಕೆ. ಹಾಗಾಗಿ ರೆಹಮತ್‌ಬಿಗೆ ಕರೆ ಬರುತ್ತಿತ್ತು. ಅತ್ತೆಯಿಂದ ಕಲಿತು ಮೂವತ್ತು ವರ್ಷ ಮಾಡಿದಳು. ಹೆರಿಗೆಯಲ್ಲಿ ಸತ್ತವರು, ಬೆನ್ನು ಹುಣ್ಣಾಗಿ ಹುಳ ಬಿದ್ದವರು, ಬಾವಿಯಲ್ಲಿ ಮೂರು ದಿನ ಇದ್ದು ಬಂದವರು. ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಹೊಲಸು ತೆಗೆಯುತ್ತಿದ್ದಳು. ಬೋರೆ ಎಲೆ ಹಾಕಿ ಕಾಸಿದ ನೀರಿನಿಂದ ಬಲಮಗ್ಗುಲು ತೊಳೆಯುತ್ತಿದ್ದಳು, ಆಮೇಲೆ ಎಡಮಗ್ಗುಲು. ಕಡೆಯ ನೀರಿಗೆ ಕರ್ಪೂರ. ಎಲ್ಲ ಮುಗಿದ ಮೇಲೆ ಪಾಕ್ ಎನ್ನುತ್ತಿದ್ದಳು, ಮೈ ಶುದ್ಧವಾಯಿತು ಎಂದು.

ಓಣಿಯವರು ಅವಳ ಕೈಯ ನೀರು ಕುಡಿಯುತ್ತಿರಲಿಲ್ಲ. ಮದುವೆಗೆ ಕರೆದರೆ ಎಲ್ಲರ ಊಟ ಮುಗಿದ ಮೇಲೆ ಬಾ ಎನ್ನುತ್ತಿದ್ದರು. ಹಸುಗೂಸನ್ನು ನೋಡಲು ಹೋದರೆ ತಾಯಂದಿರು ಕೂಸಿನ ಮುಖದ ಮೇಲೆ ಬಟ್ಟೆ ಎಳೆಯುತ್ತಿದ್ದರು. ತಮ್ಮ ತಾಯಿಯ ಮಲ ತೊಳೆದ ಕೈಯನ್ನು ಕಂಡರೆ ಅವರಿಗೆ ವಾಕರಿಕೆ.

ಆ ಕಸುಬಿಗೆ ಒಂದು ಕಟ್ಟು ಇತ್ತು. ಕಂಡದ್ದನ್ನು ಕಫನಿನಲ್ಲೇ, ಹೆಣಕ್ಕೆ ಸುತ್ತುವ ಬಟ್ಟೆಯಲ್ಲೇ ಕಟ್ಟಬೇಕು. ಸತ್ತವಳ ಮೈಮೇಲೆ ಯಾವ ಐಬು ಕಂಡರೂ ಪರದೆಯ ಹೊರಗೆ ಉಸಿರೆತ್ತಬಾರದು. ತೊಳೆಯುವವಳು ಒಬ್ಬಳು, ಚೊಂಬಿನಿಂದ ನೀರು ಹಾಕುವವಳು ಇನ್ನೊಬ್ಬಳು. ನೀರು ಹಾಕಿದವಳಿಗೂ ಅದೇ ಕಟ್ಟು. ಹೊರಗೆ ಬಂದ ಮೇಲೆ ಸತ್ತವಳ ತಾಯಿಯೋ ಅಕ್ಕನೋ ಕೇಳುವುದುಂಟು, ಹೆಂಗಿದ್ಳು ಎಂದು. ಮುಖದ ಮೇಲೆ ನೂರ್ ಇತ್ತು, ಬೆಳಕಿತ್ತು ಎನ್ನಬೇಕು. ಎಲ್ಲರಿಗೂ ಅದೇ ಉತ್ತರ.

ಪ್ರಭಾವತಿ ಆ ಓಣಿಗೆ ಬಂದದ್ದು ಇಪ್ಪತ್ತೆರಡು ವರ್ಷದ ಹಿಂದೆ. ಆಗ ಆಕೆಗೆ ನಲವತ್ತು. ಕಾಲೇಜಿನಲ್ಲಿ ಮಾನವಶಾಸ್ತ್ರ ಕಲಿಸುತ್ತಿದ್ದಳು. ಡಾಕ್ಟರೇಟು ಇನ್ನೂ ಕೈಗೆ ಸಿಕ್ಕಿರಲಿಲ್ಲ. ಯಾರೂ ಮುಟ್ಟದ ವಿಷಯ ಹಿಡಿ, ಮುಂದೆ ಬರುತ್ತೀ ಎಂದು ಆಕೆಯ ಗುರು ಹೇಳಿದ್ದನಂತೆ. ಯಾರೂ ಮುಟ್ಟದ್ದನ್ನು ಹುಡುಕುತ್ತ ಯಾರೂ ಮುಟ್ಟದವಳ ಬಾಗಿಲಿಗೆ ಬಂದಳು. ನಿಮ್ಮ ಕೆಲಸ ಕಲಿಯಬೇಕು ಎಂದಳು.

ಮೊದಲನೆಯ ದಿನವೇ ಆಕೆ ರೆಹಮತ್‌ಬಿ ಬಡಿದ ರೊಟ್ಟಿ ತಿಂದಳು. ಎರಡು ರೊಟ್ಟಿ, ಪುಂಡಿಪಲ್ಯ. ಇನ್ನೊಂದು ಹಾಕ್ರಿ ಎಂದು ತಾನೇ ಕೇಳಿದಳು. ರೆಹಮತ್‌ಬಿ ಒಲೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು. ಅಲ್ಲಿಗೇ ಸೋತಳು. ಹದಿನಾಲ್ಕು ತಿಂಗಳು ಆಕೆಯನ್ನು ತಂಗಿಯಂತೆ ನೋಡಿಕೊಂಡಳು. ಓದಿದವಳೆಂದು ಅಕ್ಕಾರ, ಅಕ್ಕಾರ ಎಂದು ಬಾಯಿತುಂಬ ಕರೆದಳು. ಈ ಕಸುಬಿಗೆ ತನ್ನ ನಂತರ ಒಬ್ಬಳು ಸಿಕ್ಕಳು, ಅದೂ ಓದಿದವಳು ಎಂದು ಒಳಗೊಳಗೇ ಹಿಗ್ಗಿದಳು. ಶಿಷ್ಯಳಿಗೆ ಹೇಳುವ ಹಾಗೆ ಕಟ್ಟನ್ನೂ ಹೇಳಿದಳು. ಪ್ರಭಾವತಿ ತಲೆಯಾಡಿಸಿ ಬರೆದುಕೊಂಡಳು. ರೆಹಮತ್‌ಬಿ ತಲೆಯಾಡಿಸಿದ್ದನ್ನು ನೋಡಿದಳು. ಬರೆದುಕೊಂಡದ್ದನ್ನು ನೋಡಲಿಲ್ಲ. ಅವಳ ತಪ್ಪು ಅದೊಂದೇ. ಕಲಿಯುವವರು ಕಟ್ಟಿಗೆ ಒಳಗಾಗಿಯೇ ಕಲಿಯುತ್ತಾರೆಂದು ಅವಳು ತಿಳಿದಿದ್ದಳು. ಕಟ್ಟನ್ನೇ ಕದ್ದು ಕಲಿಯುವವರೂ ಇರುತ್ತಾರೆಂದು ಅವಳ ಅತ್ತೆ ಹೇಳಿಕೊಟ್ಟಿರಲಿಲ್ಲ.

ಬಕ್ರೀದ್ ಆಗಿ ಮೂರನೆಯ ದಿನ ಫರಹತ ಸತ್ತಳು. ಬಟ್ಟೆ ಅಂಗಡಿಯ ಅಬ್ದುಲಮಜೀದನ ಸೊಸೆ. ಇಪ್ಪತ್ತೆರಡು ವರ್ಷ. ಕಾಮಾಲೆ ಎಂದರು. ಅಬ್ದುಲಮಜೀದ ಓಣಿಯ ಹಿರಿಯ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಹೆಣ ಎತ್ತಬೇಕು ಎಂದು ಒಂದೇ ಸಮನೆ ಅವಸರ ಮಾಡುತ್ತಿದ್ದ. ನೀರು ಹಾಕುವ ಹೆಂಗಸಿಗೆ ಅಂದು ಜ್ವರ. ರೆಹಮತ್‌ಬಿ ಚಡಪಡಿಸುತ್ತಿದ್ದಳು. ನಾನು ಹಾಕುತ್ತೇನೆ ಎಂದು ಪ್ರಭಾವತಿ ಮುಂದೆ ಬಂದಳು. ರೆಹಮತ್‌ಬಿಯ ಹಳೆಯ ಬುರ್ಖಾ ತೊಟ್ಟು ಅವಳ ಹಿಂದೆಯೇ ಒಳಗೆ ನಡೆದಳು. ಯಾರೂ ಕೇಳಲಿಲ್ಲ. ಹೆಣ ತೊಳೆಯುವವರ ಮುಖವನ್ನು ಯಾರು ನೋಡುತ್ತಾರೆ?

ಹಿತ್ತಲಲ್ಲಿ ನಾಲ್ಕು ಚಾದರಗಳ ಪರದೆ. ಒಳಗೆ ಹಲಗೆಯ ಮೇಲೆ ಫರಹತ. ಮುಖ ತೊಳೆದು, ಬಲಮಗ್ಗುಲಿಗೆ ನೀರು ಹಾಕಿಸಲು ಅವಳನ್ನು ಎಡಕ್ಕೆ ಹೊರಳಿಸಿದಾಗ ಬೆನ್ನು ಕಂಡಿತು. ಮೂರು ಕಡೆ ಇಸ್ತ್ರಿಪೆಟ್ಟಿಗೆಯ ಮೂತಿ. ಎರಡು ಹಳೆಯವು, ಕಪ್ಪುಗಟ್ಟಿದ್ದವು. ಒಂದು ಹೊಸದು. ನೀರು ಬಿದ್ದ ಕೂಡಲೇ ತೊಗಲು ಎದ್ದು ಬಂತು. ಕೊರಳಿನ ಒಂದು ಬದಿಗೆ ನಾಲ್ಕು ಬೆರಳಿನ ನೀಲಿ, ಇನ್ನೊಂದು ಬದಿಗೆ ಹೆಬ್ಬೆರಳಿನದು. ರೆಹಮತ್‌ಬಿ ತಲೆಯೆತ್ತಿ ಪ್ರಭಾವತಿಯನ್ನು ನೋಡಿದಳು. ಪ್ರಭಾವತಿ ಆ ಬೆನ್ನನ್ನೇ ನೋಡುತ್ತಿದ್ದಳು. ಚೊಂಬು ತುಂಬಿಕೊಂಡಳು. ಮತ್ತೆ ನೀರು ಹಾಕಿದಳು.

ಹೊರಗೆ ಫರಹತಳ ತಾಯಿ ಜುಲೇಖಾಬಿ ಗೋಡೆ ಹಿಡಿದು ನಿಂತಿದ್ದಳು. ಕೇಳಿದಳು. ಮುಖದ ಮೇಲೆ ನೂರ್ ಇತ್ತು ಎಂದು ರೆಹಮತ್‌ಬಿ ಹೇಳಿದಳು.

ಮನೆಗೆ ಬಂದು ವಾಂತಿ ಮಾಡಿಕೊಂಡಳು. ಮೂವತ್ತು ವರ್ಷದಲ್ಲಿ ಅದೊಂದೇ ಸಲ. ಏನು ಮಾಡೋಣ ಅಕ್ಕಾರ ಎಂದು ಪ್ರಭಾವತಿಯ ಕೈ ಹಿಡಿದು ಕೇಳಿದಳು. ನಮ್ಮ ಶಾಸ್ತ್ರದಲ್ಲಿ ನೋಡುವುದಷ್ಟೇ ಇರುವುದು, ನಡುವೆ ಕೈ ಹಾಕಬಾರದು ಎಂದು ಆಕೆ ಹೇಳಿದಳು. ಬಹಳ ಮೆತ್ತಗೆ ಹೇಳಿದಳು. ರೆಹಮತ್‌ಬಿಗೆ ಆ ಮಾತು ಆಗ ಹಿರಿದಾಗಿ ಕಂಡಿತು. ಓದಿದವರ ಕಟ್ಟೂ ತಮ್ಮ ಕಟ್ಟೂ ಒಂದೇ ಇದ್ದೀತು ಎಂದುಕೊಂಡಳು. ಬಾಯಿ ಮುಚ್ಚಿಕೊಂಡಳು.

ಪ್ರಭಾವತಿ ಧಾರವಾಡಕ್ಕೆ ಹೋದಳು. ಮತ್ತೆ ಬರಲಿಲ್ಲ. ಮೂರು ವರ್ಷಕ್ಕೆ ಇಂಗ್ಲಿಷಿನಲ್ಲಿ ಪುಸ್ತಕ ಬಂತು. ಡಾಕ್ಟರೇಟು ಬಂತು. ರೀಡರ್ ಆದಳು, ಪ್ರೊಫೆಸರ್ ಆದಳು, ವಿಭಾಗದ ಮುಖ್ಯಸ್ಥೆ ಆದಳು. ವಿಮಾನದಲ್ಲಿ ಕರೆಸಿಕೊಂಡರು, ಶಾಲು ಹೊದಿಸಿದರು. ಪುಸ್ತಕದಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಫರಹತಳ ಬೆನ್ನಿನ ಅಧ್ಯಾಯ. ಆ ಗಾಯಗಳ ಮೇಲೆ ಮೂವತ್ತೊಂದು ಪುಟ ಬರೆದಿದ್ದಳು. ಈ ಹೆಂಗಸರು ಹಿಂಸೆಯನ್ನು ಮೌನಕ್ಕೆ ಹೇಗೆ ಅನುವಾದಿಸುತ್ತಾರೆ ಎಂಬುದು ಅದರ ತಿರುಳು. ಓದಿದ ಪಂಡಿತರು ಮೈಮರೆತರು. ಆ ಹುಡುಗಿಯನ್ನು ಕೊಂದವರು ಯಾರು ಎಂದು ಒಬ್ಬನೂ ಕೇಳಲಿಲ್ಲ.

ಬುರ್ಖಾ ತೊಟ್ಟು ಗುರುತು ಮರೆಸಿ ಒಂದು ಮನೆಯ ಹೆಣದ ಬಳಿ ಹೊಕ್ಕೆ ಎಂದು ಬರೆದರೆ ಡಾಕ್ಟರೇಟು ಸಿಗುವುದಿಲ್ಲ. ಅಷ್ಟು ಬುದ್ಧಿ ಪ್ರಭಾವತಿಗಿತ್ತು. ಅದಕ್ಕೇ ತಾನು ಕಂಡದ್ದನ್ನೆಲ್ಲ ರೆಹಮತ್‌ಬಿಯ ಬಾಯಿಗೆ ತುರುಕಿದಳು. ರೆಹಮತ್‌ಬಿ ನನಗೆ ಹೇಳಿದಳು, ಎಂದು ಶುರು. ಮೂರು ಪುಟ ಹೇಳಿದಳು. ಕಣ್ಣೀರಿಲ್ಲದೆ ಹೇಳಿದಳು. ಒಂದಕ್ಷರವನ್ನೂ ಹೇಳದವಳು ಪುಸ್ತಕದಲ್ಲಿ ಮೂರು ಪುಟ ಹರಟಿದಳು. ಉಳಿದವರೆಲ್ಲರ ಹೆಸರು ಬದಲಾಗಿತ್ತು. ಗೌರವ ತೋರಿಸಲೆಂದು ಇವಳ ಹೆಸರೊಂದನ್ನು ಹಾಗೇ ಇಟ್ಟಿದ್ದಳು.

ಇಂಗ್ಲಿಷಿನಲ್ಲಿ ಇರುವ ತನಕ ಓಣಿಗೆ ಅದರ ಸೋಂಕು ಇರಲಿಲ್ಲ. ಐದು ವರ್ಷದ ಹಿಂದೆ ಪುಸ್ತಕ ಕನ್ನಡಕ್ಕೆ ಬಂತು. ಕಾಲೇಜಿಗೆ ಪಠ್ಯವಾಯಿತು. ಕಮರಿಪೇಟೆಯ ಹುಡುಗಿಯೊಬ್ಬಳು ಓದಿದಳು. ಬಟ್ಟೆ ಅಂಗಡಿ, ಬಕ್ರೀದಿನ ಮೂರನೆಯ ದಿನ, ಬಳೆಗಾರರ ಮಗ್ಗುಲಿನ ಹಸಿರು ಬಾಗಿಲು. ಹೆಸರು ಬದಲಿಸಿ ಉಳಿದದ್ದೆಲ್ಲ ಇದ್ದದ್ದು ಇದ್ದ ಹಾಗೆ. ವಾರದೊಳಗೆ ಓಣಿಗೆಲ್ಲ ಗೊತ್ತಾಯಿತು. ಅಬ್ದುಲಮಜೀದ ಹಿರಿಯರನ್ನು ಕೂಡಿಸಿದ. ಕಾಮಾಲೆಗೆ ಬರೆ ಹಾಕಿಸಿದ್ದೆವು, ಈ ಹೆಣ ತೊಳೆಯುವವಳು ಅದಕ್ಕೆ ಕಥೆ ಕಟ್ಟಿ ಮಾರಿಕೊಂಡಳು ಎಂದ. ಕಾಮಾಲೆಯ ಬರೆಯನ್ನು ರಟ್ಟೆಗೆ ಹಾಕುತ್ತಾರೆ, ಅದೂ ಕಡ್ಡಿಯಿಂದ. ಇಸ್ತ್ರಿಪೆಟ್ಟಿಗೆಯಿಂದ ಬೆನ್ನಿಗೆ ಹಾಕುವ ಹಕೀಮ ಹುಬ್ಬಳ್ಳಿಯಲ್ಲಿ ಯಾರೂ ಇಲ್ಲ. ಕೂತವರೆಲ್ಲರಿಗೂ ಅದು ಗೊತ್ತಿತ್ತು. ಎಲ್ಲರೂ ತಲೆಯಾಡಿಸಿದರು. ಸತ್ತವಳ ಮಾನ ಕಳೆದವಳ ಕೈಯಿಂದ ಇನ್ನು ಗುಸಲ್ ಬೇಡ ಎಂದು ತೀರ್ಮಾನವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನಾನು ಹೇಳಿಲ್ಲ ಎಂದು ರೆಹಮತ್‌ಬಿ ಒಂದೇ ಮಾತು ಆಡಿದಳು. ಮತ್ತೆ ಯಾರು ಹೇಳಿದರು ಎಂದರು. ಪರದೆಯೊಳಗೆ ಇನ್ನೊಬ್ಬಳಿದ್ದಳು, ಅವಳು ನಮ್ಮವಳಲ್ಲ, ಕರೆದುಕೊಂಡು ಹೋದದ್ದು ನಾನೇ, ಎನ್ನಬೇಕಿತ್ತು. ಅವಳು ಅನ್ನಲಿಲ್ಲ. ಪರಕೀಯಳಿಗೆ ಆ ಹುಡುಗಿಯ ಮೈ ತೋರಿಸಿದ್ದು ಅವಳ ತಪ್ಪೇ. ತಲೆ ತಗ್ಗಿಸಿ ಎದ್ದು ಬಂದಳು.

ಅಂದು ಸಂಜೆ ಜುಲೇಖಾಬಿ ಬಂದಳು. ಬೈಯಲಿಲ್ಲ. ಹೊಸ್ತಿಲಾಚೆ ನಿಂತು ಹೇಳಿದಳು:

"ನನ್ನ ಮಗಳ ಬೆನ್ನು ಪುಸ್ತಕಕ್ಕ ಹೋತು. ಧಾರವಾಡಕ್ಕ ಹೋತು. ನನ್ನ ಕಿವಿಗಿ ಬರಲಿಲ್ಲ. ನಾ ನಿನ್ನ ಕೇಳಿದ್ದೆ ರೆಹಮತ್. ನಿನ್ನ ಎದುರಿಗಿ ನಿಂತು ಕೇಳಿದ್ದೆ."

ರೆಹಮತ್‌ಬಿ ಕಮರಿಪೇಟೆ ಬಿಟ್ಟಳು. ಗಬ್ಬೂರಿಗೆ ಬಂದು ಬೋಟಿ ಹಿಡಿದಳು. ಕರೋನಾದ ಎರಡನೆಯ ಸಲ ಅದೇ ಓಣಿಯವರು ಬಂದು ಅಂಗಲಾಚಿ ಆಸ್ಪತ್ರೆಯಲ್ಲೇ ಎರಡು ಹೆಣ ತೊಳೆಸಿಕೊಂಡರು. ಜಡ್ಡು ಹೋಯಿತು, ಮತ್ತೆ ಮುಖ ತಿರುಗಿಸಿದರು. ಬೋಟಿ ಹೆರೆಯುವಾಗ ಅವಳಿಗೆ ಒಂದೇ ಆಸೆ. ಸಾಯುವುದರೊಳಗೆ ಮತ್ತೆ ಯಾರಾದರೂ ಕರೆಯಬೇಕು. ಮನುಷ್ಯರ ಮೈ ತೊಳೆದ ಕೈ ಕುರಿಯ ಕರುಳಿನಲ್ಲೇ ಮುಗಿಯಬಾರದು. ಇದನ್ನು ಯಾರಿಗೂ ಹೇಳಿರಲಿಲ್ಲ. ಮುಜಾಫರನಿಗೆ ಗೊತ್ತಿತ್ತು.

ಈಗ ಪ್ರಭಾವತಿ ಕುರ್ಚಿಯ ತುದಿಯಲ್ಲಿ ಕೂತು ಕ್ಷೇಮ ವಿಚಾರಿಸಿದಳು. ಮೊಣಕಾಲು ನೋವಿನ ಮಾತು ಆಡಿದಳು. ನಿವೃತ್ತಿಯಾದದ್ದು ಹೇಳಿದಳು. ಆಮೇಲೆ ವಿಷಯಕ್ಕೆ ಬಂದಳು. ಜೀವಮಾನದ ಸಾಧನೆಗೆ ಆಕೆಗೊಂದು ದೊಡ್ಡ ಪ್ರಶಸ್ತಿ ಬಂದಿತ್ತು. ಆಕೆಯ ಟಿಪ್ಪಣಿ ಪುಸ್ತಕಗಳನ್ನು ಹೊರದೇಶದ ವಿದ್ಯಾಲಯವೊಂದು ಗಾಜಿನ ಕಪಾಟಿನಲ್ಲಿ ಇಡಲು ಕೇಳಿತ್ತು. ಆದರೆ ಈಗಿನ ಕಾಲ ಕೆಟ್ಟದ್ದಂತೆ. ಹೇಳಿದವರ ಒಪ್ಪಿಗೆ ಕಾಗದದ ಮೇಲೆ ಇರಬೇಕಂತೆ. ಆಕೆ ಕಾಗದ ತೆಗೆದಳು. ಹೆಬ್ಬೆಟ್ಟು ಒತ್ತುವ ಡಬ್ಬಿಯನ್ನೂ ತಂದಿದ್ದಳು.

ಸುಮ್ಮನೆ ಒತ್ತಬೇಕಾಗಿಲ್ಲ ಎಂದೂ ಹೇಳಿದಳು. ಕಮರಿಪೇಟೆಯಲ್ಲಿ ಏನಾಯಿತೆಂದು ತನಗೆ ಗೊತ್ತು, ಬಹಳ ನೋವಾಗಿದೆ. ತಾನು ಹಿರಿಯರಿಗೆ ಪತ್ರ ಬರೆದುಕೊಡುತ್ತೇನೆ. ಪುಸ್ತಕದ ಹುಡುಗಿ ಫರಹತ ಅಲ್ಲ, ಬೇರೆ ಊರಿನವಳು ಎಂದು ಬರೆಯುತ್ತೇನೆ. ಪ್ರೊಫೆಸರರ ಮಾತನ್ನು ಅವರು ನಂಬುತ್ತಾರೆ. ಅಬ್ದುಲಮಜೀದ ಸಾಹೇಬರ ಜೊತೆ ಮಾತೂ ಆಗಿದೆ. ಅವರಿಗೂ ಅದೇ ಬೇಕಾಗಿದೆ. ರೆಹಮತ್‌ಬಿ ಮತ್ತೆ ಮಯ್ಯತ್‌ಗಳಿಗೆ ಹೋಗಬಹುದು.

ಚಾಕು ನಿಂತಿತು. ಮುಜಾಫರ ತಾಯಿಯ ಮುಖ ನೋಡಿದ. ಆ ಮುಖದಲ್ಲಿ ಆಸೆ ಎದ್ದದ್ದು ಅವನಿಗೆ ಕಂಡಿತು. ಅವನು ಬಗ್ಗಿ ಮೆಲ್ಲಗೆ ಹೇಳಿದ, ಒತ್ತಿಬಿಡು, ಎಷ್ಟು ದಿನ ಈ ಹೊಲಸು. ರೆಹಮತ್‌ಬಿಯ ಕೈ ತಾನಾಗಿಯೇ ಸೀರೆಗೆ ಒರೆಸಿಕೊಳ್ಳತೊಡಗಿತು. ಸುಳ್ಳು ಹೇಳುವುದಿಲ್ಲ, ಅವಳು ಒತ್ತುವುದರಲ್ಲಿದ್ದಳು. ಐದು ವರ್ಷ ಸುಣ್ಣದಲ್ಲಿ ಕೈ ಅದ್ದಿದವರಿಗೆ ಗೊತ್ತಾಗುತ್ತದೆ ಅದು.

ಆದರೂ ಓದಿಸಿಕೊಂಡು ಒತ್ತುವ ರೂಢಿ ಅವಳದು. ಓದು ಎಂದಳು. ಮುಜಾಫರ ತಡವರಿಸುತ್ತ ಓದಿದ. ಪುಸ್ತಕದಲ್ಲಿರುವ ವಿವರಗಳನ್ನೆಲ್ಲ ನಾನೇ ಕಣ್ಣಾರೆ ಕಂಡು, ನಾನೇ ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಹೇಳಿರುತ್ತೇನೆ. ಪರದೆಯೊಳಗೆ ನಾನೊಬ್ಬಳೇ ಇದ್ದೆನು.

"ಅದನ್ನ ಇನ್ನೊಮ್ಮೆ ಓದು," ಎಂದಳು ರೆಹಮತ್‌ಬಿ.

"ಪರದೆಯೊಳಗೆ ನಾನೊಬ್ಬಳೇ ಇದ್ದೆನು."

ಅವಳು ಪ್ರಭಾವತಿಯ ಕಡೆ ತಿರುಗಿದಳು. "ನೀರು ಹಾಕಿದಾಕಿ ಯಾರ‍್ರಿ ಅಕ್ಕಾರ?"

ಪ್ರಭಾವತಿ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡಿದಳು. "ಅದು ಹಳೇ ಮಾತು ರೆಹಮತ್‌ಬಿ. ಅದನ್ನ ಬರದ್ರ ನಿಮಗೂ ತ್ರಾಸ ಆಗ್ತದ. ನಿಮ್ಮ ಸಲುವಾಗೇ ಬಿಟ್ಟೇನಿ."

ಮುಜಾಫರ ಕಾಗದದಿಂದ ತಲೆಯೆತ್ತಿದ. ಐದು ವರ್ಷದಿಂದ ಅವನೂ ತಾಯಿಯೇ ಬಾಯಿ ಬಿಟ್ಟಳೆಂದು ನಂಬಿದ್ದ. ಕೇಳಿದರೆ ನೊಂದಾಳೆಂದು ಕೇಳಿರಲಿಲ್ಲ. ಈಗ ಅವನು ಮೇಡಂ ಮುಖ ನೋಡಿದ, ತಾಯಿಯ ಮುಖ ನೋಡಿದ. ಅಮ್ಮಾ, ಒಳಗೆ ಇವರಿದ್ದರೇನು ಎಂದ. ಪ್ರಭಾವತಿ ಕಣ್ಣು ತಪ್ಪಿಸಿದಳು. ಅವನಿಗೆ ಉತ್ತರ ಸಿಕ್ಕಿತು.

ಪ್ರಭಾವತಿ ಮಾತು ಮೆತ್ತಗೆ ಮಾಡಿದಳು. ಹಿಂದಿನ ಅದೇ ಮೆತ್ತಗಿನ ದನಿ. "ಒಂದು ವಿಚಾರ ಮಾಡ್ರಿ. ನೀವು ದೊಡ್ಡವರು. ಆ ಹುಡುಗಿ ಮಾನ ಕಾಯ್ದವರು ನೀವು. ಆಕಿ ಐಬು ಹೊರಗ ಬರದಂಗ ನೋಡಿಕೊಂಡ್ರಿ. ನಾ ಪುಸ್ತಕದಾಗ ಅದನ್ನೇ ಬರದೇನಿ."

ಐಬು. ರೆಹಮತ್‌ಬಿ ಆ ಮಾತನ್ನು ಬಾಯಲ್ಲಿ ಒಮ್ಮೆ ಹೊರಳಿಸಿದಳು. ಸತ್ತವರ ಐಬು ಮುಚ್ಚಬೇಕು. ಅತ್ತೆ ಹೇಳಿದ್ದು ನಿಜ. ತೊನ್ನು, ಹುಣ್ಣು, ಗೂನು, ಹೊಟ್ಟೆಯಲ್ಲಿ ಯಾರಿಗೂ ಗೊತ್ತಿಲ್ಲದ ಬಸಿರು. ಅದೆಲ್ಲ ಸತ್ತವಳದು, ಅವಳ ಜೊತೆ ಮಣ್ಣಿಗೆ ಹೋಗಲಿ. ಆದರೆ ಇಸ್ತ್ರಿಪೆಟ್ಟಿಗೆ ಫರಹತಳದೇನು? ಕೊರಳ ಮೇಲಿನ ಬೆರಳು ಅವಳದೇನು? ಇಪ್ಪತ್ತೊಂದು ವರ್ಷ ತಾನು ಮುಚ್ಚಿಟ್ಟದ್ದು ಯಾರ ಐಬು? ಬಟ್ಟೆ ಅಂಗಡಿಯಲ್ಲಿ ಅಳತೆಕೋಲು ಹಿಡಿದು ಕೂತವನದು. ಎರಡನೆಯ ಮದುವೆಯಾಗಿ ಮಕ್ಕಳನ್ನು ಆಡಿಸುತ್ತಿರುವ ಅವನ ಮಗನದು, ಫರಹತಳ ಗಂಡ ನವಾಜನದು. ಕೊಂದವರಿಗೆ ಕಫನು ಹೊದಿಸಿದ್ದಾಯಿತು. ಅವಳಿಗೆ ತನ್ನ ಬಗ್ಗೆಯೇ ಹೇಸಿಗೆ ಎದ್ದಿತು. ಎದುರು ಕೂತವಳ ಬಗ್ಗೆ ಅದಕ್ಕಿಂತ ಹೆಚ್ಚು. ಇವಳಿಗೆ ಯಾವ ಕಟ್ಟೂ ಇರಲಿಲ್ಲ, ಯಾವ ಹೆದರಿಕೆಯೂ ಇರಲಿಲ್ಲ. ಅಂದೇ ಠಾಣೆಗೆ ಹೋಗಿದ್ದರೆ ಕುರ್ಚಿ ಕೊಟ್ಟು ಕೇಳುತ್ತಿದ್ದರು. ಇವಳು ಹೋದದ್ದು ಬರೆಯುವ ಮೇಜಿಗೆ.

"ಅಕ್ಕಾರ, ನಿಮಗ ಹೊಲಸು ಅಂದ್ರ ಏನಂತ ಗೊತ್ತಿಲ್ಲ," ಎಂದಳು. "ಇದು ಕುರಿ ಹೊಟ್ಟ್ಯಾಗಿಂದು. ತೊಳದ್ರ ಹೋಗತೈತಿ. ನಾ ಹೆಬ್ಬಟ್ಟು ಒತ್ತಂಗಿಲ್ಲ. ನಿಮ್ಮ ಸುಳ್ಳಿನ ಮ್ಯಾಲ ನಿಂತು ನಾ ಯಾರ ಮಯ್ಯತ್‌ಗೂ 'ಪಾಕ್' ಅನ್ನಾಕ ಒಲ್ಲೆ."

ಮುಜಾಫರನ ಕೈಯಿಂದ ಕಾಗದ ತೆಗೆದುಕೊಂಡು ಆಕೆಗೆ ಚಾಚಿದಳು. ಒರೆಸಿದ್ದರೂ ಕೈಯಲ್ಲಿ ಹಸಿರು ಲೋಳೆ ಇತ್ತು. ಅಕ್ಷರಗಳ ಮೇಲೆಲ್ಲ ಹತ್ತಿತು. ಪ್ರಭಾವತಿ ಎರಡು ಬೆರಳ ತುದಿಯಿಂದ ಕಾಗದದ ಮೂಲೆ ಹಿಡಿದುಕೊಂಡಳು. ಇನ್ನೊಮ್ಮೆ ಯೋಚಿಸಿರಿ, ನಷ್ಟ ನಿಮಗೇ ಎಂದಳು. ಆ ದನಿಯಲ್ಲಿ ಮೆತ್ತಗಿನದು ಏನೂ ಉಳಿದಿರಲಿಲ್ಲ. ಮುಜಾಫರ ಬಾಗಿಲು ತೋರಿಸಿದ. ಕಾರು ಹೋಯಿತು.

ರೆಹಮತ್‌ಬಿ ಉಳಿದ ನಾಲ್ಕು ಹೊಟ್ಟೆಗಳನ್ನು ತೊಳೆದು ಮುಗಿಸಿದಳು. ಒಪ್ಪಿಕೊಂಡ ಕೆಲಸ. ಮಗನ ಕೈಯಲ್ಲಿ ಖಾನಾವಳಿಗೆ ಕಳಿಸಿದಳು. ಆಮೇಲೆ ಮೈ ತೊಳೆದು ಬುರ್ಖಾ ತೊಟ್ಟು ಬಸ್ ಹತ್ತಿದಳು.

ಐದು ವರ್ಷದ ಮೇಲೆ ಕಮರಿಪೇಟೆಯಲ್ಲಿ ಕಾಲಿಟ್ಟಳು. ಕಟ್ಟೆಯ ಮೇಲಿನ ಹೆಂಗಸರು ಮಾತು ನಿಲ್ಲಿಸಿದರು. ಒಬ್ಬಳು ಉಗುಳಿದಳು. ರೆಹಮತ್‌ಬಿ ದಾಟಿ ನಡೆದಳು. ಜುಲೇಖಾಬಿ ಬಾಗಿಲು ತೆಗೆದು ನೋಡಿದಳು, ಮತ್ತೆ ಹಾಕಲು ಹೋದಳು. ರೆಹಮತ್‌ಬಿ ಬಾಗಿಲ ಸಂದಿಗೆ ಕೈ ಇಟ್ಟಳು. ಬಾಗಿಲು ಕೈಯ ಮೇಲೆ ಬಂತು. ಅವಳು ಕೈ ತೆಗೆಯಲಿಲ್ಲ.

ಎಲ್ಲ ಹೇಳಿದಳು. ಅರ್ಧ ತೆರೆದ ಬಾಗಿಲಲ್ಲೇ ನಿಂತು ಹೇಳಿದಳು. ಪುಸ್ತಕಕ್ಕೆ ಹೇಳಿದ್ದು ತಾನಲ್ಲ ಎಂದಳು. ನೀರು ಹಾಕಿದವಳು ಯಾರೆಂದು ಹೇಳಿದಳು. ಆ ಹೆಂಗಸನ್ನು ಒಳಗೆ ಕರೆದುಕೊಂಡು ಹೋದದ್ದು ತಾನೇ, ಅದಕ್ಕೆ ಕ್ಷಮೆ ಕೇಳಲು ಬಂದಿಲ್ಲ, ಕೇಳಿದರೂ ಕೊಡಬೇಡ ಎಂದಳು. ಅಂದು ನೂರ್ ಇತ್ತು ಎಂದದ್ದು ಸುಳ್ಳು. ಬೆನ್ನು ಸುಟ್ಟಿತ್ತು. ಕೊರಳು ಹಿಸುಕಿದ್ದರು.

ಜುಲೇಖಾಬಿ ಅವಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು. ಬೆನ್ನು ತಿರುಗಿಸಿ ನಿಂತಳು. ಸೆರಗು ಸರಿಸಿದಳು.

"ಎಲ್ಲೆಲ್ಲಿ ಇದ್ದುವು, ತೋರಸು."

ರೆಹಮತ್‌ಬಿ ಬೆರಳಿಟ್ಟಳು. ಇಲ್ಲಿ ಒಂದು, ಹಳೆಯದು. ಇಲ್ಲಿ ಒಂದು. ಇಲ್ಲಿ ಹೊಸದು, ಇಷ್ಟಗಲ. ಸುಣ್ಣ ತಿಂದ ಬೆರಳು ಎಪ್ಪತ್ತರ ಮುದುಕಿಯ ಬೆನ್ನಿನ ಮೇಲೆ ಆ ಮೂತಿಯ ಆಕಾರವನ್ನು ಬರೆಯಿತು. ಜುಲೇಖಾಬಿಯ ಮೈ ಪ್ರತಿ ಸಲವೂ ಸುಟ್ಟವಳಂತೆ ಹಿಂದಕ್ಕೆ ಎಳೆದುಕೊಂಡಿತು. ಅವಳು ಅಳಲಿಲ್ಲ. ಕೊರಳನ್ನೂ ತೋರಿಸು ಎಂದಳು. ರೆಹಮತ್‌ಬಿ ಅದನ್ನೂ ತೋರಿಸಿದಳು.

ಜುಲೇಖಾಬಿ ಚಪ್ಪಲಿ ಮೆಟ್ಟಿದಳು. ನಡಿ ಎಂದಳು. ರೆಹಮತ್‌ಬಿ ಅವಳ ಹಿಂದೆಯೇ ನಡೆದಳು.

ಠಾಣೆಯಲ್ಲಿ ಹವಾಲ್ದಾರ ಗುರುಶಿದ್ದಪ್ಪ ಚಹಾ ಕುಡಿಯುತ್ತಿದ್ದ. ಇಬ್ಬರು ಮುದುಕಿಯರನ್ನು ಬೆಂಚಿನ ಮೇಲೆ ಕೂಡಿಸಿ ಕೇಳಿಸಿಕೊಂಡ. ಕೆಟ್ಟ ಮನುಷ್ಯನಲ್ಲ, ದಣಿದವನು. ಇಪ್ಪತ್ತೊಂದು ವರ್ಷವಾಯಿತು, ಗೋರಿಯಲ್ಲಿ ಏನು ಸಿಕ್ಕೀತು ಎಂದ. ಅವರು ದೊಡ್ಡ ಜನ ಎಂದ. ನೋಡಿದವರು ಯಾರು ಎಂದ.

"ನಾ ನೋಡೇನ್ರಿ," ಎಂದಳು ರೆಹಮತ್‌ಬಿ. "ಈ ಕೈಲೇ ತೊಳದೇನಿ."

ಹವಾಲ್ದಾರ ಚಹಾದ ಲೋಟ ಕೆಳಗಿಟ್ಟ. ಅವಳಿಗೆ ತಿಳಿಯಲೆಂದು ನಿಧಾನವಾಗಿ ಹೇಳಿದ. ಖೂನಿ ಆದದ್ದು ಗೊತ್ತಿದ್ದೂ ಮುಚ್ಚಿಟ್ಟರೆ ಅದೂ ಅಪರಾಧ. ಇದು ಕಾಗದದ ಮೇಲೆ ಬಂದರೆ ಅವರನ್ನು ಹಿಡಿಯುತ್ತಾರೋ ಇಲ್ಲವೋ, ಮೊದಲು ನಿನ್ನನ್ನೇ ಕೇಳುತ್ತಾರೆ. ಇನ್ನು ಮುಂದೆ ಯಾರೂ ನಿನ್ನನ್ನು ಮಯ್ಯತ್‌ಗೆ ಕರೆಯುವುದಿಲ್ಲ, ತಿಳಿಯಿತೇನು? ಯೋಚನೆ ಮಾಡಿ ನಾಳೆ ಬಾ.

ಜುಲೇಖಾಬಿ ಅವಳ ಮುಖ ನೋಡಿದಳು. ರೆಹಮತ್‌ಬಿ ತನ್ನ ಕೈಗಳನ್ನು ನೋಡಿಕೊಂಡಳು. ಇನ್ನು ಅವು ಕುರಿಯ ಕರುಳಿನಲ್ಲೇ ಮುಗಿಯುತ್ತವೆ. ಮುಗಿಯಲಿ.

"ನಾಳೆ ಯಾಕ್ರಿ, ಇವತ್ತ ಬರಕೋರಿ," ಎಂದಳು. "ನನ್ನ ಹೆಸರು ಮೊದಲ ಹಾಕ್ರಿ. ಮುಚ್ಚಿಟ್ಟಾಕಿ ಅಂತನೂ ಹಾಕ್ರಿ. ಅದರ ಕೆಳಗ ಇನ್ನೊಬ್ಬಾಕಿ ಹೆಸರು ಬರೀರಿ. ನೀರು ಹಾಕಿದಾಕಿ. ನಾ ನೋಡಿದ್ದೆಲ್ಲಾ ಆಕೀನೂ ನೋಡ್ಯಾಳ. ಪ್ರಭಾವತಿ ಅಂತ, ಧಾರವಾಡದಾಕಿ. ಹೆಸರಿನ ಮುಂದ ಡಾಕ್ಟರ್ ಅನ್ನೋದು ಬಿಡಬ್ಯಾಡ್ರಿ. ಅದನ್ನ ಆಕಿ ಗಳಿಸಿದ್ದು ಈ ಹುಡುಗಿ ಮೈಮ್ಯಾಲ."

ಗುರುಶಿದ್ದಪ್ಪ ಮೇಜಿನ ಖಾನೆ ಎಳೆದು ಕಾಗದ ತೆಗೆದ.